ಕಣ್ಣಿನೊಳಗೆ ಅಡಗುವ ಲಿಂಫೋಮಾ: ಬಯಾಪ್ಸಿ ಯಾಕೆ ಬೇಕು, ಹೇಗೆ ಮಾಡ್ತಾರೆ?



ಈ ಪಾಠವನ್ನು ಸಭೆಯಲ್ಲಿ ಒಬ್ಬರು ನಿಧಾನವಾಗಿ ಓದಿ ಹೇಳಿ, ಉಳಿದವರು ಕೇಳಿಸಿಕೊಳ್ಳಿ. ಒಂದೇ ಸಭೆಯಲ್ಲಿ ಮುಗಿಯದಿದ್ದರೆ ಎರಡು ಸಭೆಗೆ ಹಂಚಿಕೊಳ್ಳಿ, ಅವಸರ ಇಲ್ಲ. ಕಣ್ಣಿನ ಕಾಯಿಲೆ ಅಂದ ಕೂಡಲೇ ನಮಗೆ ನೆನಪಾಗುವುದು ಪೊರೆ, ಕನ್ನಡಕ, ಸಕ್ಕರೆ ಕಾಯಿಲೆ. ಇಂದಿನ ವಿಷಯ ಅದಲ್ಲ, ತುಂಬಾ ಅಪರೂಪದ ಒಂದು ಕಾಯಿಲೆ. ಅಪರೂಪದ್ದು ನಮಗೆ ಯಾಕೆ ಎಂದು ನೀವು ಕೇಳಬಹುದು. ಅಪರೂಪ ಆದ್ದರಿಂದಲೇ ಅದು ತಿಂಗಳುಗಟ್ಟಲೆ ಬೇರೆ ಹೆಸರಿನಲ್ಲಿ ಅಡಗಿ ಕೂತಿರ್ತದೆ. ಅದನ್ನು ಹಿಡಿಯಲಿಕ್ಕೆ ಇರುವ ಪರೀಕ್ಷೆಯ ಹೆಸರು ಕೇಳಿದರೇ ಮನೆಯವರು ಹೆದರಿ ರೋಗಿಯನ್ನು ವಾಪಸು ಕರೆದುಕೊಂಡು ಬರ್ತಾರೆ. ಆ ಪರೀಕ್ಷೆಯ ಹೆಸರು ಬಯಾಪ್ಸಿ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಇದು ನಡೆದ ಕಥೆ ಅಲ್ಲ, ಪಾಠಕ್ಕಾಗಿ ಕಟ್ಟಿದ್ದು. ಆದರೆ ಈ ಕಾಯಿಲೆಯವರು ನಡೆದು ಬರುವ ದಾರಿ ಹೆಚ್ಚಾಗಿ ಹೀಗೇ ಇರ್ತದೆ. ಸಂಘದಲ್ಲಿ 60 ವರ್ಷದ ಒಬ್ಬ ಅಕ್ಕ. ಅಕ್ಕಿ ಆರಿಸುವಾಗ ಕಣ್ಣ ಮುಂದೆ ನೊಣ ಹಾರಿದ ಹಾಗೆ, ಜೇಡರ ಬಲೆಯ ಎಳೆ ತೇಲಿದ ಹಾಗೆ ಕಾಣ್ತದೆ. ಕಣ್ಣು ಕೆಂಪಾಗಿಲ್ಲ, ನೋವಿಲ್ಲ. ಕೆಲವು ವಾರದಲ್ಲಿ ಮಂಜು ಕವಿದ ಹಾಗೆ ಮಸುಕು. ಡಾಕ್ಟರು ನೋಡಿ, ಕಣ್ಣೊಳಗೆ ಉರಿಯೂತ ಇದೆ ಎಂದು ಸ್ಟೆರಾಯ್ಡ್ ಹನಿ ಮತ್ತು ಮಾತ್ರೆ ಕೊಡ್ತಾರೆ. ಸ್ವಲ್ಪ ದಿನದಲ್ಲಿ ಮಸುಕು ತಿಳಿಯಾಗ್ತದೆ, ಮನೆಯವರಿಗೆಲ್ಲ ಸಂತೋಷ. ಔಷಧಿ ಕಡಿಮೆ ಮಾಡಿದ ಮೇಲೆ ಮತ್ತೆ ಮಸುಕು. ಮತ್ತೆ ಔಷಧಿ, ಮತ್ತೆ ತಿಳಿ, ಮತ್ತೆ ಮಸುಕು. ಕ್ಷಯ ಇರಬಹುದೇ ಎಂದು ಅದರ ಪರೀಕ್ಷೆಯೂ ಆಯಿತು. ಹೀಗೇ ಆರು ತಿಂಗಳು. ಈಗ ಇನ್ನೊಂದು ಕಣ್ಣಿನಲ್ಲೂ ಎಳೆ ತೇಲಲಿಕ್ಕೆ ಶುರುವಾಗಿದೆ. ಆಗ ದೊಡ್ಡ ಆಸ್ಪತ್ರೆಯ ಡಾಕ್ಟರು ಹೇಳ್ತಾರೆ, "ಅಮ್ಮಾ, ಕಣ್ಣಿನೊಳಗಿಂದ ಸ್ವಲ್ಪ ದ್ರವ ತೆಗೆದು ಪರೀಕ್ಷೆ ಮಾಡಬೇಕು." ಅಕ್ಕನ ಮಗ ಹೇಳ್ತಾನೆ, "ಕಣ್ಣಿಗೆ ಚುಚ್ಚುವುದಾ? ಇರುವ ದೃಷ್ಟಿಯೂ ಹೋದರೆ? ಔಷಧಿಯಲ್ಲೇ ವಾಸಿ ಆಗ್ತಾ ಇತ್ತಲ್ಲಾ!"

ಆ ಬಾಗಿಲಲ್ಲಿ ನಿಂತ ಅಕ್ಕನಿಗೆ, ಮಗನಿಗೆ ನಾವು ಏನು ಹೇಳಬೇಕು? ಈ ಪಾಠ ಅದಕ್ಕಾಗಿ.

ಲಿಂಫೋಮಾ ಅಂದರೇನು?

ನಮ್ಮ ರಕ್ತದಲ್ಲಿ ಬಿಳಿ ಕಣಗಳಿವೆ. ರೋಗಾಣುಗಳ ವಿರುದ್ಧ ಹೋರಾಡುವ ಕಾವಲುಗಾರರು ಇವರು. ಇವುಗಳಲ್ಲಿ ಲಿಂಫೋಸೈಟ್ ಎಂಬ ಒಂದು ಜಾತಿ ಇದೆ. ಆ ಜಾತಿಯ ಕೋಶಗಳು ಹತೋಟಿ ಮೀರಿ ಬೆಳೆದರೆ ಅದೇ ಲಿಂಫೋಮಾ, ಒಂದು ಬಗೆಯ ಕ್ಯಾನ್ಸರ್. ಸಾಮಾನ್ಯವಾಗಿ ಕುತ್ತಿಗೆ, ಕಂಕುಳು, ತೊಡೆಸಂದಿಯ ಗ್ರಂಥಿಗಳು ಊದಿಕೊಂಡು ಗೊತ್ತಾಗ್ತದೆ. ಆದರೆ ಕೆಲವರಲ್ಲಿ ಅದು ನೇರವಾಗಿ ಕಣ್ಣಿನ ಒಳಗೇ ಶುರುವಾಗ್ತದೆ. ಅಮೆರಿಕದ ಲೆಕ್ಕ ನೋಡಿದರೆ ಹತ್ತು ಲಕ್ಷ ಜನರಲ್ಲಿ ವರ್ಷಕ್ಕೆ ಒಬ್ಬರಿಗೂ ಇದು ಬರುವುದಿಲ್ಲ. ಬರುವುದು ಹೆಚ್ಚಾಗಿ 50 ದಾಟಿದವರಿಗೆ. ಆದ್ದರಿಂದ ಕಣ್ಣ ಮುಂದೆ ಎಳೆ ತೇಲಿದ ಕೂಡಲೇ ಕ್ಯಾನ್ಸರ್ ಎಂದು ಯಾರೂ ಗಾಬರಿ ಆಗಬಾರದು. ವಯಸ್ಸಾದಂತೆ ಎಷ್ಟೋ ಜನರಿಗೆ ಹಾಗೆ ತೇಲ್ತದೆ, ಏನೂ ಆಗುವುದಿಲ್ಲ. ಆದರೆ ಒಂದು ಮಾತು ಇಲ್ಲೇ ಹೇಳಿಬಿಡ್ತೇನೆ: ಒಮ್ಮೆಲೇ ತುಂಬಾ ಚುಕ್ಕೆ ಬಂದು, ಮಿಂಚು ಹೊಡೆದ ಹಾಗೆ ಕಂಡು, ಒಂದು ಪಕ್ಕದಿಂದ ಪರದೆ ಇಳಿದ ಹಾಗಾದರೆ ಅದು ಅಕ್ಷಿಪಟಲ ಕಿತ್ತುಬರುವ ಲಕ್ಷಣ. ಅದಕ್ಕೆ ಅದೇ ದಿನ ಕಣ್ಣಿನ ಆಸ್ಪತ್ರೆಗೆ ಹೋಗಬೇಕು, ನಾಳೆಗೆ ಇಡುವ ಹಾಗಿಲ್ಲ.

ನಮ್ಮ ವಿಷಯಕ್ಕೆ ಬರೋಣ. ಕಣ್ಣಿನ ಹಿಂಭಾಗದ ಅಕ್ಷಿಪಟಲ, ಅಂದರೆ ರೆಟಿನಾ, ಮೆದುಳಿನ ಒಡಹುಟ್ಟು ಇದ್ದ ಹಾಗೆ. ತಾಯಿಯ ಗರ್ಭದಲ್ಲಿ ಮೆದುಳಿನ ಭಾಗವೇ ಮುಂದೆ ಚಾಚಿ ರೆಟಿನಾ ಆಗುವುದು. ಹಾಗಾಗಿ ಕಣ್ಣೊಳಗಿನ ಈ ಲಿಂಫೋಮಾಕ್ಕೂ ಮೆದುಳಿನ ಲಿಂಫೋಮಾಕ್ಕೂ ಹತ್ತಿರದ ಸಂಬಂಧ. ಕಣ್ಣಿನಲ್ಲಿ ಬಂದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಮೊದಲೋ, ಜೊತೆಯಲ್ಲೋ, ಮುಂದೆ ಒಂದೆರಡು ವರ್ಷದಲ್ಲೋ ಮೆದುಳಿನಲ್ಲೂ ಕಾಣಿಸಿಕೊಳ್ತದೆ. ಇದು ದೃಷ್ಟಿಯ ಪ್ರಶ್ನೆ ಮಾತ್ರ ಅಲ್ಲ, ಜೀವದ ಪ್ರಶ್ನೆ ಎಂದು ಹೇಳುವುದು ಅದಕ್ಕೇ.

ವೇಷ ಹಾಕಿದ ಕಾಯಿಲೆ

ಕಣ್ಣಿನ ಗುಡ್ಡೆಯ ಒಳಗೆ ಟೊಳ್ಳು ಇಲ್ಲ. ಅಲ್ಲಿ ಮೊಟ್ಟೆಯ ಬಿಳಿಯ ಹಾಗೆ, ಎಳೆ ತಾಟಿನುಂಗಿನ ತಿರುಳಿನ ಹಾಗೆ ಒಂದು ಪಾರದರ್ಶಕ ಲೋಳೆ ತುಂಬಿದೆ. ಇದಕ್ಕೆ ವಿಟ್ರಿಯಸ್ ಎನ್ನುತ್ತಾರೆ. ಎಲ್ಲ ಸೇರಿ ಸುಮಾರು 4 ಮಿಲಿಲೀಟರ್, ಒಂದು ಸಣ್ಣ ಚಮಚಕ್ಕೂ ಕಡಿಮೆ. ಲಿಂಫೋಮಾ ಕೋಶಗಳು ಈ ಲೋಳೆಯಲ್ಲಿ ತೇಲುತ್ತವೆ, ರೆಟಿನಾದ ಅಡಿಯಲ್ಲೂ ಗುಂಪು ಕಟ್ಟಿಕೊಳ್ಳುತ್ತವೆ. ಉರಿಯೂತ ಆದಾಗಲೂ ಅದೇ ಲೋಳೆಯಲ್ಲಿ ಬಿಳಿ ಕಣಗಳು ತೇಲುತ್ತವೆ. ಹೊರಗಿನಿಂದ ದೀಪ ಹಾಕಿ ನೋಡುವ ಡಾಕ್ಟರಿಗೆ ಎರಡೂ ಒಂದೇ ಥರ ಮಸುಕಾಗಿ ಕಾಣ್ತವೆ. ವೈದ್ಯರು ಇದನ್ನು ವೇಷ ಹಾಕಿದ ಕಾಯಿಲೆ ಎಂದೇ ಕರೆಯುತ್ತಾರೆ. ಯಕ್ಷಗಾನದಲ್ಲಿ ಬಣ್ಣ ಬಳಿದ ಮೇಲೆ ಪಕ್ಕದ ಮನೆಯವನೂ ಗುರುತು ಸಿಗುವುದಿಲ್ಲ ಅಲ್ವಾ, ಹಾಗೆ.

ಇದರಲ್ಲಿ ಡಾಕ್ಟರ ತಪ್ಪು ಹುಡುಕಲಿಕ್ಕೆ ಹೋಗಬಾರದು ಎಂದು ನನ್ನ ಅಭಿಪ್ರಾಯ. ಇಂಥ ಮಸುಕು ತೆಗೆದುಕೊಂಡು ಬರುವವರಲ್ಲಿ ಬಹುಪಾಲು ಜನರಿಗೆ ನಿಜವಾಗಿಯೂ ಉರಿಯೂತವೇ ಇರ್ತದೆ. ನಮ್ಮ ದೇಶದಲ್ಲಿ ಕ್ಷಯ ಹೆಚ್ಚು, ಅದರಿಂದಲೂ ಕಣ್ಣಿನ ಉರಿಯೂತ ಬರ್ತದೆ. ಹಾಗಾಗಿ ಮೊದಲು ಅದನ್ನು ನೋಡುವುದು ಸರಿಯೇ. ತೊಂದರೆ ಇರುವುದು ಸ್ಟೆರಾಯ್ಡ್‌ನಲ್ಲಿ. ಅದು ಉರಿಯೂತವನ್ನೂ ಇಳಿಸ್ತದೆ, ಲಿಂಫೋಮಾ ಕೋಶಗಳನ್ನೂ ಒಂದಷ್ಟು ಕೊಲ್ತದೆ. ಆದರೆ ಪೂರ್ತಿ ಅಲ್ಲ. ಬೂದಿ ಮುಚ್ಚಿದ ಕೆಂಡದ ಹಾಗೆ ಉಳಿದದ್ದು ಮತ್ತೆ ಹೊತ್ತಿಕೊಳ್ತದೆ. "ಔಷಧಿಯಲ್ಲೇ ವಾಸಿ ಆಗ್ತಾ ಇತ್ತಲ್ಲಾ" ಎಂದ ಮಗನಿಗೆ ಹೇಳಬೇಕಾದದ್ದು ಇದನ್ನೇ. ವಯಸ್ಸಾದವರಿಗೆ ಮೊದಲ ಸಲ ಕಣ್ಣಿನ ಉರಿಯೂತ ಬಂದು, ಔಷಧಿ ಕಡಿಮೆ ಮಾಡಿದಾಗಲೆಲ್ಲ ಅದು ಮರಳಿ ಬರ್ತಾ ಇದ್ದರೆ, "ಡಾಕ್ಟ್ರೇ, ಇದು ಲಿಂಫೋಮಾ ಇರಬಹುದಾ?" ಎಂದು ಕೇಳುವ ಹಕ್ಕು ರೋಗಿಗೆ ಇದೆ.

ಸ್ಕ್ಯಾನ್ ಮಾಡಿ ಹೇಳಲಿಕ್ಕೆ ಆಗುವುದಿಲ್ಲವೇ? ರೆಟಿನಾದ ಪದರಗಳನ್ನು ತೋರಿಸುವ ಓ.ಸಿ.ಟಿ. ಎಂಬ ಸ್ಕ್ಯಾನ್ ಇದೆ, ಮೆದುಳಿಗೆ ಎಂ.ಆರ್.ಐ. ಇದೆ. ಇವು ಸಂಶಯವನ್ನು ಗಟ್ಟಿ ಮಾಡ್ತವೆ, ಅಷ್ಟೇ. ಕ್ಯಾನ್ಸರ್ ಔಷಧಿ ಶುರು ಮಾಡಬೇಕಾದರೆ ಕೋಶವನ್ನೇ ಹೊರಗೆ ತಂದು ನೋಡಬೇಕು. ಬರೀ ಸಂಶಯದ ಮೇಲೆ ಅಂಥ ಔಷಧಿ ಕೊಡುವ ಹಾಗಿಲ್ಲ. ಸಾಲ ಕೊಡುವ ಮೊದಲು ನಾವು ಪಾಸ್‌ಬುಕ್ ನೋಡುವುದಿಲ್ಲವೇ?

ಎಲ್ಲಿಂದ ತೆಗೆಯುತ್ತಾರೆ?

ಎಲ್ಲಕ್ಕಿಂತ ಮುಖ್ಯವಾದದ್ದು ಆ ಲೋಳೆಯ ಬಯಾಪ್ಸಿ. 1970ರ ಮೊದಲು ಜೀವಂತ ಕಣ್ಣಿನಿಂದ ಲೋಳೆಯನ್ನು ಸುರಕ್ಷಿತವಾಗಿ ತೆಗೆಯುವ ಒಳ್ಳೆಯ ದಾರಿಯೇ ಇರಲಿಲ್ಲ. ಇದು ಲಿಂಫೋಮಾ ಎಂದು ಗೊತ್ತಾಗ್ತಾ ಇದ್ದದ್ದು ಹೆಚ್ಚಾಗಿ ಕುರುಡಾದ ಕಣ್ಣನ್ನೇ ಕಿತ್ತು ತೆಗೆದ ಮೇಲೆ, ಇಲ್ಲವೇ ರೋಗಿ ತೀರಿಕೊಂಡ ಮೇಲೆ. 1970ರಲ್ಲಿ ಅಮೆರಿಕದ ಮಯಾಮಿಯಲ್ಲಿ ರಾಬರ್ಟ್ ಮಾಕೆಮರ್ ಎಂಬ ಜರ್ಮನ್ ಮೂಲದ ಕಣ್ಣಿನ ಸರ್ಜನ್, ಕತ್ತರಿಸುತ್ತಲೇ ಹೀರುವ ಒಂದು ಸಣ್ಣ ಯಂತ್ರ ಬಳಸಿ ಈ ಆಪರೇಷನ್ ಆರಂಭಿಸಿದರು. ಅವರು ಮೊದಲು ಪ್ರಯೋಗ ಮಾಡಿದ್ದು ಯಾವುದರ ಮೇಲೆ ಗೊತ್ತೇ? ಕೋಳಿಮೊಟ್ಟೆಯ ಬಿಳಿಯ ಮೇಲೆ. ಹೆಂಗಸರಾದ ನಮಗೆ ಅದು ಚೆನ್ನಾಗಿ ಅರ್ಥ ಆಗ್ತದೆ, ಮೊಟ್ಟೆಯ ಬಿಳಿಯನ್ನು ಚಮಚದಲ್ಲಿ ಸ್ವಲ್ಪವೇ ತೆಗೆಯಲಿಕ್ಕೆ ಹೋದರೆ ಎಲ್ಲ ಎಳೆದುಕೊಂಡು ಬರ್ತದೆ. ಕಣ್ಣಿನಲ್ಲಿ ಹಾಗೆ ಎಳೆದರೆ ಜೊತೆಗೆ ರೆಟಿನಾವೂ ಕಿತ್ತು ಬಂದೀತು. ಆದ್ದರಿಂದ ತುಂಡು ಮಾಡಿ ತುಂಡು ಮಾಡಿ ಹೀರಬೇಕು. ಈ ಆಪರೇಷನ್‌ಗೆ ವಿಟ್ರೆಕ್ಟಮಿ ಎಂದು ಹೆಸರು. ಸಕ್ಕರೆ ಕಾಯಿಲೆಯಿಂದ ಕಣ್ಣೊಳಗೆ ರಕ್ತ ಸುರಿದವರಿಗೂ ಇದನ್ನೇ ಮಾಡುವುದು, ಹಾಗಾಗಿ ರೆಟಿನಾ ಸರ್ಜನ್ನರಿಗೆ ಇದು ಕೈ ಪಳಗಿದ ಕೆಲಸ.

ಎರಡನೆಯದು ಸುಲಭದ್ದು. ಕಣ್ಣಿನ ಮುಂಭಾಗದಲ್ಲಿ, ಕಪ್ಪುಗುಡ್ಡೆಯ ಮುಂದೆ, ನೀರಿನಂಥ ದ್ರವ ಇದೆ. ಹನಿ ಹಾಕಿ ಮರಗಟ್ಟಿಸಿ, ಕೂದಲಿನಂಥ ಸೂಜಿಯಿಂದ ಅದರಲ್ಲಿ 0.1ರಿಂದ 0.2 ಮಿಲಿಲೀಟರ್, ಅಂದರೆ ಎರಡು ಮೂರು ಹನಿ ತೆಗೆಯುತ್ತಾರೆ. ಇದರಲ್ಲಿ ಕೋಶಗಳು ಸಿಗುವುದು ಕಡಿಮೆ. ಆದರೆ ಕೋಶಗಳು ಬಿಟ್ಟ ರಾಸಾಯನಿಕದ ವಾಸನೆ ಸಿಗ್ತದೆ, ಅದರ ವಿಷಯ ಮುಂದೆ ಹೇಳ್ತೇನೆ. ಸಂಶಯ ಹೆಚ್ಚಿಸಲಿಕ್ಕೆ, ಮತ್ತೆ ಚಿಕಿತ್ಸೆ ನಡೆಯುವಾಗ ಎಷ್ಟು ಗುಣವಾಯಿತು ಎಂದು ನೋಡಲಿಕ್ಕೆ ಇದು ಉಪಯೋಗ. ಇದರಲ್ಲಿ ಏನೂ ಸಿಗಲಿಲ್ಲ ಎಂದು ಕಾಯಿಲೆ ಇಲ್ಲ ಎನ್ನುವ ಹಾಗಿಲ್ಲ.

ಲೋಳೆ ತಿಳಿಯಾಗಿದ್ದು ರೆಟಿನಾದ ಅಡಿಯಲ್ಲಿ ಮಾತ್ರ ಹಳದಿ ಮಚ್ಚೆಗಳಿದ್ದರೆ, ಅಥವಾ ಲೋಳೆಯಲ್ಲಿ ಏನೂ ಸಿಗದಿದ್ದರೆ, ಸೂಜಿಯನ್ನು ಆ ಮಚ್ಚೆಯವರೆಗೆ ಕಳಿಸಿ ಹೀರಬಹುದು, ಇಲ್ಲವೇ ರೆಟಿನಾದ ಅಂಚಿನಿಂದ ಒಂದು ಚೂರನ್ನೇ ಕತ್ತರಿಸಿ ತೆಗೆಯಬಹುದು. ಇದರಲ್ಲಿ ರಕ್ತ ಸುರಿಯುವ, ರೆಟಿನಾ ಕಿತ್ತುಬರುವ ಅಪಾಯ ಹೆಚ್ಚು. ಅದಕ್ಕೇ ಇದನ್ನು ಕೊನೆಗೆ ಇಟ್ಟುಕೊಳ್ತಾರೆ.

ಇನ್ನೊಂದು ಬಗೆಯ ಲಿಂಫೋಮಾ ರೆಟಿನಾದ ಹಿಂದಿನ ರಕ್ತನಾಳದ ಪದರದಲ್ಲಿ ಬರ್ತದೆ. ಅದು ನಿಧಾನದ ಜಾತಿ. ಕೆಲವರಲ್ಲಿ ಅದು ಕಣ್ಣಿನ ಬಿಳಿಯ ಮೇಲೆ, ರೆಪ್ಪೆಯ ಒಳಗೆ ತಿಳಿಗೆಂಪು ಮಾಂಸದಂಥ ತೇಪೆಯಾಗಿ ಹೊರಗೂ ಇಣುಕ್ತದೆ. ಹಾಗಿದ್ದರೆ ಅದೃಷ್ಟ, ಕಣ್ಣಿನ ಒಳಗೆ ಹೋಗದೆ ಹೊರಗಿನ ಆ ತೇಪೆಯಿಂದಲೇ ಚೂರು ತೆಗೆದು ನೋಡಬಹುದು.

ಕಣ್ಣಿನ ಜೊತೆಗೆ ಮೆದುಳಿನ ಎಂ.ಆರ್.ಐ. ಮಾಡ್ತಾರೆ, ಬೆನ್ನುಹುರಿಯ ನೀರನ್ನೂ ಪರೀಕ್ಷೆ ಮಾಡಿಸಬಹುದು. ಆ ನೀರಿನಲ್ಲೇ ಲಿಂಫೋಮಾ ಕೋಶ ಸಿಕ್ಕಿದರೆ ಕೆಲವರಿಗೆ ಕಣ್ಣಿನ ಬಯಾಪ್ಸಿಯೇ ಬೇಕಾಗುವುದಿಲ್ಲ. "ಕಣ್ಣು ನೋವು ಅಂತ ಬಂದರೆ ಬೆನ್ನಿಗೆ ಸೂಜಿ ಯಾಕೆ?" ಎಂದು ಮನೆಯವರು ಸಿಟ್ಟಾಗುವುದುಂಟು. ಕಾರಣ ಈಗ ನಿಮಗೆ ಗೊತ್ತಾಯಿತು.

ಆಪರೇಷನ್‌ಗೆ ಮೊದಲು

ಈ ಬಯಾಪ್ಸಿ ಹಾಳಾಗುವುದು ಹೆಚ್ಚಾಗಿ ಆಪರೇಷನ್ ಕೋಣೆಯಲ್ಲಿ ಅಲ್ಲ, ಅದಕ್ಕೆ ಮೊದಲೇ. ಸ್ಟೆರಾಯ್ಡ್ ತೆಗೆದುಕೊಳ್ತಾ ಇರುವ ಕಣ್ಣಿನಲ್ಲಿ ಕೋಶಗಳು ಅರ್ಧ ಸತ್ತಿರ್ತವೆ, ಏನು ಎಂದು ಗುರುತಿಸಲಿಕ್ಕೆ ಆಗುವುದಿಲ್ಲ. ಹಾಗಾಗಿ ಸಾಧ್ಯವಿದ್ದರೆ ಡಾಕ್ಟರು ಸುಮಾರು ಎರಡು ವಾರ ಮೊದಲೇ ಸ್ಟೆರಾಯ್ಡ್ ನಿಲ್ಲಿಸುತ್ತಾರೆ. ಆ ಎರಡು ವಾರ ಮಸುಕು ಹೆಚ್ಚಾಗ್ತದೆ. ಆಗ ರೋಗಿಗೆ ಹೆದರಿಕೆ, ಮನೆಯವರಿಗೆ ಕರುಣೆ. "ಪಾಪ, ಕಾಣುವುದೇ ಇಲ್ಲ ಅಂತಾಳೆ" ಎಂದು ಹಳೇ ಚೀಟಿ ಹಿಡಿದು ಮೆಡಿಕಲ್ ಶಾಪಿನಿಂದ ಅದೇ ಹನಿ ತಂದು ಹಾಕಿಬಿಡ್ತಾರೆ. ಪರೀಕ್ಷೆ ಕೆಟ್ಟಿತು. ಒಂದು ಸಲ ಗಟ್ಟಿ ಮನಸ್ಸು ಮಾಡಬೇಕಾದದ್ದು ಇಲ್ಲಿ.

ಇದರ ಇನ್ನೊಂದು ಮುಖವೂ ಇದೆ. ಸ್ಟೆರಾಯ್ಡ್ ಮಾತ್ರೆಯನ್ನು ನೀವಾಗಿಯೇ ಒಮ್ಮೆಲೇ ನಿಲ್ಲಿಸಬೇಡಿ. ಬಹಳ ದಿನ ತಿಂದವರು ತಟ್ಟನೆ ಬಿಟ್ಟರೆ ಬಿ.ಪಿ. ಇಳಿದು ಜೀವಕ್ಕೆ ಅಪಾಯ ಆಗಬಹುದು. ಹೇಗೆ ಇಳಿಸಬೇಕು ಎಂದು ಡಾಕ್ಟರೇ ಲೆಕ್ಕ ಹಾಕಿ ಹೇಳಬೇಕು. ಗಂಟುನೋವಿಗೆ, ಉಬ್ಬಸಕ್ಕೆ ಬೇರೆ ಡಾಕ್ಟರು ಕೊಟ್ಟ ಮಾತ್ರೆಯಲ್ಲೂ ಸ್ಟೆರಾಯ್ಡ್ ಇರ್ತದೆ. ಹೆಸರು ತಿಳಿಯದ ಪುಡಿ, ಗುಳಿಗೆಯಲ್ಲಿ ಇರುವುದೂ ಉಂಟು. ನಾಚಿಕೆ ಬಿಟ್ಟು ತಿನ್ನುವುದನ್ನೆಲ್ಲ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ ಡಾಕ್ಟರ ಮೇಜಿನ ಮೇಲೆ ಸುರಿಯಿರಿ. ಹೃದಯದ ಕಾಯಿಲೆಗೆ ರಕ್ತ ತೆಳು ಮಾಡುವ ಮಾತ್ರೆ ತಿನ್ನುವವರು ಅದನ್ನೂ ತೋರಿಸಬೇಕು.

ಎರಡೂ ಕಣ್ಣಿನಲ್ಲಿ ಕಾಯಿಲೆ ಇದ್ದರೆ, ಸಾಮಾನ್ಯವಾಗಿ ಹೆಚ್ಚು ಮಸುಕಾದ ಕಣ್ಣಿನಿಂದಲೇ ಮಾದರಿ ತೆಗೆಯುತ್ತಾರೆ. ಅಲ್ಲಿ ಕೋಶಗಳೂ ಹೆಚ್ಚು, ಕಳೆದುಕೊಳ್ಳಲಿಕ್ಕೆ ಇರುವುದೂ ಕಡಿಮೆ.

ಆ ದಿನ

ಕಣ್ಣಿನ ಸುತ್ತ ಸೂಜಿ ಕೊಟ್ಟು ಮರಗಟ್ಟಿಸುತ್ತಾರೆ, ಕೆಲವರಿಗೆ ಪೂರ್ತಿ ಪ್ರಜ್ಞೆ ತಪ್ಪಿಸುತ್ತಾರೆ. ಕಪ್ಪುಗುಡ್ಡೆಯ ಅಂಚಿನಿಂದ ಮೂರೂವರೆ, ನಾಲ್ಕು ಮಿಲಿಮೀಟರ್ ಹಿಂದೆ, ಬಿಳಿಯ ಭಾಗದಲ್ಲಿ ಮೂರು ಸಣ್ಣ ತೂತು ಮಾಡ್ತಾರೆ. ಅಲ್ಲಿಯೇ ಯಾಕೆ ಎಂದರೆ, ಅದಕ್ಕಿಂತ ಮುಂದೆ ಹೋದರೆ ಕಣ್ಣಿನ ಮಸೂರ ಇದೆ, ಹಿಂದೆ ಹೋದರೆ ರೆಟಿನಾ ಇದೆ. ನಡುವೆ ಒಂದು ಸುರಕ್ಷಿತ ಪಟ್ಟಿ. ಈಗಿನ ಸಲಕರಣೆಗಳ ದಪ್ಪ ಅರ್ಧ ಮಿಲಿಮೀಟರಿನ ಆಸುಪಾಸು, ಹೆಚ್ಚಿನವರಿಗೆ ಹೊಲಿಗೆಯೂ ಬೇಡ. ಒಂದು ತೂತಿನಲ್ಲಿ ದೀಪ, ಒಂದರಲ್ಲಿ ಕತ್ತರಿಸುವ ಕೊಳವೆ, ಇನ್ನೊಂದರಲ್ಲಿ ಕಣ್ಣು ಕುಗ್ಗದ ಹಾಗೆ ಉಪ್ಪುನೀರು ಬಿಡುವ ನಳಿಗೆ.

ಈ ಬಯಾಪ್ಸಿಯ ಗುಟ್ಟು ಇರುವುದು ಆ ನಳಿಗೆಯಲ್ಲಿ. ಬೇರೆ ಆಪರೇಷನ್‌ನಲ್ಲಿ ಮೊದಲೇ ಉಪ್ಪುನೀರು ಬಿಡ್ತಾರೆ. ಇಲ್ಲಿ ಹಾಗೆ ಮಾಡಿದರೆ ಮಾದರಿ ತೆಳುವಾಗ್ತದೆ, ನೀರು ಬೆರೆಸಿದ ಹಾಲಿನ ಹಾಗೆ. ಆದ್ದರಿಂದ ನೀರು ಬಿಡುವ ಮೊದಲೇ 1ರಿಂದ 2 ಮಿಲಿಲೀಟರ್ ಶುದ್ಧ ಲೋಳೆಯನ್ನು ಸಿರಿಂಜಿಗೆ ಎಳೆದುಕೊಳ್ತಾರೆ. ಕಣ್ಣು ಮೆತ್ತಗಾಗ್ತಾ ಬರ್ತದೆ, ತುಂಬಾ ಮೆತ್ತಗಾಗುವ ಮೊದಲು ನಿಲ್ಲಿಸಬೇಕು. ಕೆಲವು ಸರ್ಜನ್ನರು ನೀರಿನ ಬದಲು ಗಾಳಿ ಬಿಟ್ಟು ಕಣ್ಣಿನ ಆಕಾರ ಉಳಿಸಿಕೊಂಡು ಇನ್ನಷ್ಟು ತೆಗೆಯುತ್ತಾರೆ. ಕತ್ತರಿಸುವ ಯಂತ್ರವನ್ನೂ ಹಲವರು ನಿಧಾನಕ್ಕೆ ಓಡಿಸುತ್ತಾರೆ, ಮಿಕ್ಸಿ ಜೋರು ಇಟ್ಟರೆ ಕೋಶಗಳು ಚಿಂದಿಯಾದಾವು ಎಂದು. ಶುದ್ಧ ಮಾದರಿ ತೆಗೆದಾದ ಮೇಲೆ ನೀರು ಬಿಟ್ಟು ಉಳಿದ ಲೋಳೆಯನ್ನೂ ತೆಗೆಯುತ್ತಾರೆ. ಅದು ನೀರು ಬೆರೆತದ್ದಾದರೂ ಬಿಸಾಡುವುದಿಲ್ಲ. ಯಂತ್ರದಲ್ಲಿ ಗಿರಗಿರ ತಿರುಗಿಸಿ ತಳಕ್ಕೆ ಕೂತ ಕೋಶಗಳನ್ನು ಹುಡುಕ್ತಾರೆ. ತೆಗೆದ ಲೋಳೆ ಮತ್ತೆ ಬೆಳೆಯುವುದಿಲ್ಲ. ಆ ಜಾಗದಲ್ಲಿ ಕಣ್ಣಿನದೇ ನೀರು ತುಂಬಿಕೊಳ್ತದೆ, ನೋಡಲಿಕ್ಕೆ ತೊಂದರೆ ಇಲ್ಲ. ಮಸುಕು ಲೋಳೆ ಹೋದ್ದರಿಂದ ಎಷ್ಟೋ ಜನರಿಗೆ ಮೊದಲಿಗಿಂತ ಚೆನ್ನಾಗಿಯೇ ಕಾಣ್ತದೆ.

ಹೊತ್ತು ಮೀರಿದರೆ ಬಾಡುವ ಮಾದರಿ

ಲಿಂಫೋಮಾ ಕೋಶಗಳು ನೋಡಲಿಕ್ಕೆ ದೊಡ್ಡವು, ಆದರೆ ತುಂಬಾ ಸೂಕ್ಷ್ಮ. ಕೊಯ್ದ ಮಲ್ಲಿಗೆ ಮೊಗ್ಗಿನ ಹಾಗೆ ಬೇಗ ಬಾಡ್ತವೆ. ತೆಗೆದ ಮಾದರಿ ಆದಷ್ಟು ಬೇಗ, ಗಂಟೆಯೊಳಗೆ ಎಂದೇ ಇಟ್ಟುಕೊಳ್ಳಿ, ಪ್ರಯೋಗಾಲಯದ ಕೈ ಸೇರಬೇಕು. ಅದು ಆಗುವುದಿಲ್ಲ ಎಂದಿದ್ದರೆ ಕೋಶಗಳನ್ನು ಕಾಪಾಡುವ ದ್ರವದಲ್ಲಿ ಹಾಕಿ ಕಳಿಸಬೇಕು. ಶನಿವಾರ ಸಂಜೆ ಆಪರೇಷನ್ ಮಾಡಿ ಸೋಮವಾರದವರೆಗೆ ಫ್ರಿಜ್ಜಿನಲ್ಲಿ ಇಟ್ಟರೆ ಆಗುವುದಿಲ್ಲ. ಆದ್ದರಿಂದ ತಿಳಿದ ಸರ್ಜನ್ನರು ಮೊದಲೇ ಪ್ಯಾಥಾಲಜಿ ಡಾಕ್ಟರಿಗೆ ಫೋನ್ ಮಾಡಿ, "ಇಂಥ ದಿನ, ಇಷ್ಟು ಗಂಟೆಗೆ, ಇಂಥ ಸಂಶಯದ ಮಾದರಿ ಬರ್ತದೆ" ಎಂದು ಹೇಳಿಡ್ತಾರೆ. ಆಪರೇಷನ್ ಎಲ್ಲಿ ಬೇಕಾದರೂ ಆಗಬಹುದು, ಪರೀಕ್ಷೆ ಮಾಡುವ ಅನುಭವಿ ಕಣ್ಣು ಹತ್ತಿರ ಇರುವ ಆಸ್ಪತ್ರೆಯೇ ಇದಕ್ಕೆ ಒಳ್ಳೆಯದು ಎಂದು ಹೇಳುವುದು ಈ ಕಾರಣಕ್ಕೆ.

ಆ ಎರಡು ಮಿಲಿಲೀಟರಿನಲ್ಲಿ ಏನೇನು ನೋಡ್ತಾರೆ? ಮೊದಲು ಸೂಕ್ಷ್ಮದರ್ಶಕದಲ್ಲಿ ಕೋಶದ ರೂಪ. ದೊಡ್ಡ ಕೋಶ, ಒಳಗೆ ಅಂಕುಡೊಂಕಾದ ದೊಡ್ಡ ಬೀಜ, ಸುತ್ತ ತಿರುಳು ಕಡಿಮೆ, ಆಚೀಚೆ ಸತ್ತ ಕೋಶಗಳ ಕಸ. ಇದೇ ಇವತ್ತಿಗೂ ಮುಖ್ಯ ಸಾಕ್ಷಿ. ಎರಡನೆಯದಾಗಿ, ಈ ಕೋಶಗಳೆಲ್ಲ ಒಂದೇ ತಾಯಿಯ ಮಕ್ಕಳೇ ಎಂದು ನೋಡ್ತಾರೆ. ಉರಿಯೂತದಲ್ಲಿ ಸೇರುವ ಕೋಶಗಳು ಸಂತೆಗೆ ಬಂದ ಜನರ ಹಾಗೆ, ಹಲವು ಊರು, ಹಲವು ಮನೆ. ಕ್ಯಾನ್ಸರ್ ಕೋಶಗಳು ಒಂದೇ ಬೀಜದಿಂದ ಹುಟ್ಟಿದ ಪೈರು, ಎಲ್ಲದರ ಮೇಲೂ ಒಂದೇ ಗುರುತು.

ಮೂರನೆಯದು ವಾಸನೆ ಎಂದೆನಲ್ಲ, ಅದು. ಪಕ್ಕದ ಮನೆಯ ಅಡಿಗೆ ನಾವು ನೋಡುವುದಿಲ್ಲ, ಆದರೆ ಒಗ್ಗರಣೆಯ ವಾಸನೆಯಿಂದ ಸಾರೋ ಮೀನೋ ಎಂದು ಹೇಳ್ತೇವೆ. ಹಾಗೆ ಲಿಂಫೋಮಾ ಕೋಶಗಳು ಇಂಟರ್‌ಲ್ಯೂಕಿನ್-10 ಎಂಬ ವಸ್ತುವನ್ನು ಹೆಚ್ಚು ಬಿಡ್ತವೆ, ಉರಿಯೂತದಲ್ಲಿ ಇಂಟರ್‌ಲ್ಯೂಕಿನ್-6 ಹೆಚ್ಚು. 10ನೆಯದು 6ನೆಯದಕ್ಕಿಂತ ಜಾಸ್ತಿ ಇದ್ದರೆ ಸಂಶಯ ಲಿಂಫೋಮಾದ ಕಡೆ ವಾಲ್ತದೆ. ಅಮೆರಿಕದ ರಾಷ್ಟ್ರೀಯ ಕಣ್ಣಿನ ಸಂಸ್ಥೆಯವರು 1990ರ ದಶಕದಲ್ಲಿ ಇದನ್ನು ತೋರಿಸಿಕೊಟ್ಟರು. ಇದು ಸುಳಿವು ಮಾತ್ರ, ತೀರ್ಪು ಅಲ್ಲ.

ಈಚಿನ ವರ್ಷಗಳಲ್ಲಿ ಬಂದ ದೊಡ್ಡ ಸಹಾಯ ಜೀನ್ ಪರೀಕ್ಷೆ. ಈ ಕಾಯಿಲೆಯವರಲ್ಲಿ ಬಹುಪಾಲು ಜನರ ಲಿಂಫೋಮಾ ಕೋಶಗಳಲ್ಲಿ ಎಂ.ವೈ.ಡಿ.88 ಎಂಬ ಜೀನಿನ ಒಂದೇ ಜಾಗದಲ್ಲಿ ಒಂದೇ ಅಕ್ಷರ ತಪ್ಪಾಗಿರ್ತದೆ. ದೊಡ್ಡ ಪುಸ್ತಕದ ಅದೇ ಪುಟ, ಅದೇ ಸಾಲಿನಲ್ಲಿ ಅಚ್ಚಿನ ದೋಷ ಇದ್ದ ಹಾಗೆ. ಕೋಶಗಳು ಸತ್ತು ಹೋಗಿ ರೂಪ ಕೆಟ್ಟಿದ್ದರೂ ಈ ಅಕ್ಷರದೋಷವನ್ನು ಹುಡುಕಬಹುದು. ಕಣ್ಣಿನ ಮುಂಭಾಗದ ಎರಡು ಹನಿ ನೀರಿನಲ್ಲೂ ಇದು ಸಿಗುವುದುಂಟು. ಎಲ್ಲ ಕಡೆ ಈ ಪರೀಕ್ಷೆ ಇರುವುದಿಲ್ಲ, ಹಾಗಾಗಿ ಮೊದಲೇ ವಿಚಾರಿಸಬೇಕು.

"ಏನೂ ಸಿಗಲಿಲ್ಲ" ಎಂದು ರಿಪೋರ್ಟ್ ಬಂದರೆ?

ಮನೆಯಲ್ಲಿ ಹಬ್ಬ ಮಾಡ್ತಾರೆ. ಅದು ಅರ್ಥ ಆಗುವಂಥದ್ದೇ. ಆದರೆ ಈ ಕಾಯಿಲೆಯಲ್ಲಿ "ಸಿಗಲಿಲ್ಲ" ಎಂದರೆ "ಇಲ್ಲ" ಎಂದು ಅಲ್ಲ. ಕೋಶಗಳು ಕಡಿಮೆ, ಬೇಗ ಸಾಯ್ತವೆ, ಉರಿಯೂತದ ಕೋಶಗಳ ಗುಂಪಿನಲ್ಲಿ ಬೆರೆತಿರ್ತವೆ. ಕೆಲವರಿಗೆ ಎರಡನೆಯ ಬಯಾಪ್ಸಿಯಲ್ಲಿ, ಕೆಲವರಿಗೆ ಮೂರನೆಯದರಲ್ಲಿ ಗೊತ್ತಾದದ್ದು ಇದೆ. ಸಂಶಯ ಬಲವಾಗಿದ್ದರೆ ಡಾಕ್ಟರು ಮತ್ತೆ ಮಾಡೋಣ ಎನ್ನುತ್ತಾರೆ, ಇನ್ನೊಂದು ಕಣ್ಣಿನಿಂದ ಅಥವಾ ರೆಟಿನಾದ ಅಡಿಯಿಂದ. "ಒಂದು ಸಲ ಮಾಡಿ ದುಡ್ಡು ತಿಂದರು, ಈಗ ಇನ್ನೊಂದಾ" ಎಂಬ ಮಾತು ಈ ಹಂತದಲ್ಲೇ ಬರುವುದು. ಆ ಮಾತಿನ ಬದಲು, "ಮೊದಲ ಮಾದರಿ ಸಾಕಷ್ಟು ಇತ್ತೇ? ಕೋಶಗಳು ಜೀವಂತ ಇದ್ದವೇ? ಯಾವ ಯಾವ ಪರೀಕ್ಷೆ ಆಯಿತು?" ಎಂದು ಕೇಳಿದರೆ ಡಾಕ್ಟರು ಬಿಡಿಸಿ ಹೇಳ್ತಾರೆ. ಸ್ಲೈಡುಗಳು ಮತ್ತು ರಿಪೋರ್ಟು ರೋಗಿ ಕೇಳಿದರೆ ಕೊಡ್ತಾರೆ. ಬೇರೆ ಆಸ್ಪತ್ರೆಯ ಅನುಭವಿ ಪ್ಯಾಥಾಲಜಿ ಡಾಕ್ಟರಿಗೆ ಅದನ್ನೇ ತೋರಿಸಬಹುದು, ಹೊಸದಾಗಿ ಕಣ್ಣಿಗೆ ಕೈ ಹಾಕಬೇಕಾಗಿಲ್ಲ.

ಹೆದರಿಕೆಯ ಮಾತು

"ಕ್ಯಾನ್ಸರಿಗೆ ಸೂಜಿ ತಾಗಿಸಿದರೆ ಹರಡ್ತದೆ" ಎಂಬ ಮಾತು ನಮ್ಮ ಕಡೆ ಎಲ್ಲರ ಬಾಯಲ್ಲಿ ಇದೆ. ಪೂರ್ತಿ ಸುಳ್ಳು ಎಂದು ನಾನು ಹೇಳುವುದಿಲ್ಲ, ಯಾಕೆಂದರೆ ಕಣ್ಣಿನಲ್ಲೇ ಒಂದು ಕ್ಯಾನ್ಸರಿಗೆ ಅದು ನಿಜ. ಚಿಕ್ಕ ಮಕ್ಕಳಿಗೆ, ಹೆಚ್ಚಾಗಿ 5 ವರ್ಷದ ಒಳಗೆ ಬರುವ ರೆಟಿನೋಬ್ಲಾಸ್ಟೋಮಾ ಎಂಬ ಗಡ್ಡೆಗೆ ಡಾಕ್ಟರು ಸೂಜಿ ಹಾಕಿ ಚೂರು ತೆಗೆಯುವುದಿಲ್ಲ. ತೂತಿನಿಂದ ಹೊರಗೆ ಹರಡೀತು ಎಂಬ ಭಯ ಅಲ್ಲಿ ಇದೆ. ಅದನ್ನು ಕಣ್ಣಿನ ಪರೀಕ್ಷೆ ಮತ್ತು ಸ್ಕ್ಯಾನ್‌ನಿಂದಲೇ ತೀರ್ಮಾನಿಸುತ್ತಾರೆ. (ಮಗುವಿನ ಕಣ್ಣಿನ ಪಾಪೆ ಬೆಕ್ಕಿನ ಕಣ್ಣಿನ ಹಾಗೆ ಬಿಳಿಯಾಗಿ ಹೊಳೆದರೆ ಒಂದು ದಿನವೂ ತಡಮಾಡದೆ ತೋರಿಸಿ.) ಆದರೆ ದೊಡ್ಡವರ ಲಿಂಫೋಮಾದ ಲೆಕ್ಕ ಬೇರೆ. ಅದನ್ನು ಕತ್ತರಿಸಿ ತೆಗೆದು ಗುಣ ಮಾಡುವುದಲ್ಲ, ಔಷಧಿಯಿಂದ ಗುಣ ಮಾಡುವುದು. ಬಯಾಪ್ಸಿಯ ತೂತಿನಿಂದ ಹರಡಿದ್ದು ತೀರಾ ಅಪರೂಪ. ಬಯಾಪ್ಸಿ ಮಾಡಿದ ಮೇಲೆ ಮೆದುಳಿನಲ್ಲಿ ಕಾಣಿಸಿಕೊಂಡರೆ ಜನ ಬಯಾಪ್ಸಿಯನ್ನು ಬೈಯ್ತಾರೆ. ಮೆದುಳಿಗೆ ಹೋಗುವುದು ಈ ಕಾಯಿಲೆಯದೇ ಗುಣ ಎಂದು ಮೇಲೆ ನೋಡಿದೆವು.

ನಿಜವಾದ ಅಪಾಯಗಳನ್ನೂ ಮುಚ್ಚಿಡಬಾರದು. ರಕ್ತ ಸುರಿಯಬಹುದು, ಸೋಂಕು ಆಗಬಹುದು, ರೆಟಿನಾ ಕಿತ್ತು ಬರಬಹುದು. ಇವು ಕೆಲವರಿಗೆ ಮಾತ್ರ. ಕಣ್ಣಿನ ಪೊರೆ ಮಾತ್ರ ಮುಂದೆ ಹೆಚ್ಚಿನವರಿಗೆ ಬರ್ತದೆ, ಅದಕ್ಕೆ ಪೊರೆಯ ಆಪರೇಷನ್ ಇದ್ದೇ ಇದೆ. ಆಪರೇಷನ್ ಆದ ಮೇಲೆ ನೋವು ಹೆಚ್ಚಾಗ್ತಾ ಹೋದರೆ, ದೃಷ್ಟಿ ಇಳಿದರೆ, ಕೀವು ಬಂದರೆ ಮುಂದಿನ ತಪಾಸಣೆಯ ತಾರೀಖಿಗೆ ಕಾಯಬೇಡಿ. ಕೆಲವು ದಿನ ತಲೆಗೆ ನೀರು ಹಾಕುವುದು, ಒಲೆಯ ಹೊಗೆ, ಕೊಟ್ಟಿಗೆಯ ಕೆಲಸ ಬೇಡ.

ಗೊತ್ತಾದ ಮೇಲೆ ದಾರಿ ಇದೆ. ಮೆಥೊಟ್ರೆಕ್ಸೇಟ್ ಎಂಬ ಹಳೆಯ ಔಷಧಿಯನ್ನು ಕಣ್ಣಿನೊಳಗೇ ಸೂಜಿಯಲ್ಲಿ ಕೊಡ್ತಾರೆ, ಒಂದು ಸಲಕ್ಕೆ 0.1 ಮಿಲಿಲೀಟರ್. ಬಹಳ ಕಡೆ ನಡೆದು ಬಂದ ಕ್ರಮ ಹೀಗಿದೆ: ಮೊದಲ ತಿಂಗಳು ವಾರಕ್ಕೆ ಎರಡು, ಆಮೇಲೆ ಎರಡು ತಿಂಗಳು ವಾರಕ್ಕೆ ಒಂದು, ಆಮೇಲೆ ಒಂಬತ್ತು ತಿಂಗಳು ತಿಂಗಳಿಗೆ ಒಂದು, ಒಟ್ಟು 25. ಇಷ್ಟು ಪೂರ್ತಿ ಎಲ್ಲರಿಗೂ ಬೇಕಾಗುವುದಿಲ್ಲ. ರಿಟುಕ್ಸಿಮ್ಯಾಬ್ ಎಂಬ ಇನ್ನೊಂದು ಔಷಧಿ ಇದೆ, ಕೆಲವರಿಗೆ ಕಿರಣ ಚಿಕಿತ್ಸೆ, ಮೆದುಳಿನಲ್ಲೂ ಇದ್ದರೆ ರಕ್ತನಾಳದ ಮೂಲಕ ಹೆಚ್ಚು ಪ್ರಮಾಣದ ಔಷಧಿ. ಕಣ್ಣಿನ ಡಾಕ್ಟರು ಮತ್ತು ಕ್ಯಾನ್ಸರ್ ಡಾಕ್ಟರು ಇಬ್ಬರೂ ಸೇರಿ ನೋಡಬೇಕಾದ ಕಾಯಿಲೆ ಇದು. ಗುಣವಾಯಿತು ಎಂದ ಮೇಲೂ ತಪಾಸಣೆ ತಪ್ಪಿಸುವ ಹಾಗಿಲ್ಲ, ಮರಳಿ ಬರುವ ಸ್ವಭಾವ ಇದಕ್ಕೆ ಇದೆ.

ಖರ್ಚಿನ ವಿಷಯ

ತಾಲ್ಲೂಕು ಆಸ್ಪತ್ರೆಯಲ್ಲಿ ಈ ಬಯಾಪ್ಸಿ ಆಗುವುದಿಲ್ಲ. ರೆಟಿನಾ ವಿಭಾಗ ಇರುವ ಆಸ್ಪತ್ರೆಗೇ ಹೋಗಬೇಕು. ಬೆಂಗಳೂರಿನಲ್ಲಿ ಸರ್ಕಾರದ ಮಿಂಟೋ ಕಣ್ಣಿನ ಆಸ್ಪತ್ರೆ ಇದೆ, ಕ್ಯಾನ್ಸರ್ ಚಿಕಿತ್ಸೆಗೆ ಕಿದ್ವಾಯಿ ಸಂಸ್ಥೆ ಇದೆ. ಮೆಡಿಕಲ್ ಕಾಲೇಜಿನ ಆಸ್ಪತ್ರೆಗಳಲ್ಲೂ ವಿಚಾರಿಸಬಹುದು. ಬಿ.ಪಿ.ಎಲ್. ಕಾರ್ಡಿನವರಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಒಂದು ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಸಹಾಯ ಇದೆ. ಆದರೆ ಆಪರೇಷನ್, ಲ್ಯಾಬಿನ ಪರೀಕ್ಷೆ, ಜೀನ್ ಪರೀಕ್ಷೆ, ಇವುಗಳಲ್ಲಿ ಯಾವುದು ಯೋಜನೆಯಲ್ಲಿ ಬರ್ತದೆ, ಯಾವುದು ಬರುವುದಿಲ್ಲ ಎಂದು ದಾಖಲಾಗುವ ಮೊದಲೇ ಅಲ್ಲಿನ ಆರೋಗ್ಯಮಿತ್ರರ ಹತ್ತಿರ ಕೇಳಿ. ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕಾಗ್ತದೆ, ರೇಷನ್ ಕಾರ್ಡು, ಆಧಾರ್ ಮರೆಯಬೇಡಿ. ಹಳೇ ಚೀಟಿಗಳು, ಸ್ಕ್ಯಾನ್‌ಗಳು ತಾರೀಖಿನ ಪ್ರಕಾರ ಒಂದೇ ಫೈಲಿನಲ್ಲಿ ಇರಲಿ. ಎಷ್ಟು ಸಲ ಸ್ಟೆರಾಯ್ಡ್ ಕೊಟ್ಟರು, ಎಷ್ಟು ದಿನಕ್ಕೆ ಮಸುಕು ಮರಳಿತು ಎಂಬುದನ್ನು ಹೊಸ ಡಾಕ್ಟರು ಆ ಚೀಟಿಗಳಿಂದಲೇ ತಿಳಿಯುವುದು.

ಸಂಘಗಳಲ್ಲಿ ನಾನು ಕಂಡದ್ದೊಂದು ಹೇಳ್ತೇನೆ, ಬೇಸರ ಮಾಡಬೇಡಿ. ಹಸು ತರಲಿಕ್ಕೆ, ಮದುವೆಗೆ ಸಾಲ ಕೇಳಿದರೆ ಕೂಡಲೇ ನಿರ್ಣಯ ಬರೆಯುತ್ತೇವೆ. ಚಿಕಿತ್ಸೆಗೆ ಕೇಳಿದರೂ ಕೊಡ್ತೇವೆ. ಆದರೆ ಪರೀಕ್ಷೆಗೆ ಎಂದರೆ, "ಕಾಯಿಲೆ ಏನೂಂತ ಗೊತ್ತಾಗಲಿ, ಆಮೇಲೆ ನೋಡುವ" ಎನ್ನುತ್ತೇವೆ. ಇಲ್ಲಿ ಗೊತ್ತಾಗಬೇಕಾದರೆ ಪರೀಕ್ಷೆಯೇ ಆಗಬೇಕು.

ಮುಂದಿನ ಸಭೆಯಲ್ಲಿ ಮಾತಾಡಲಿಕ್ಕೆ: ನಮ್ಮ ಸದಸ್ಯರ, ಅವರ ಮನೆಯ ಹಿರಿಯರ ಪೈಕಿ ಯಾರಾದರೂ ತಿಂಗಳುಗಟ್ಟಲೆ ಕಣ್ಣಿಗೆ ಹನಿ ಹಾಕ್ತಾ ಇದ್ದಾರೆಯೇ? ಆ ಹನಿಯಲ್ಲಿ ಸ್ಟೆರಾಯ್ಡ್ ಇದೆಯೇ, ಡಾಕ್ಟರು ನೋಡಿ ಎಷ್ಟು ದಿನ ಆಯಿತು? ಬಾಟಲಿಗಳನ್ನು ಸಭೆಗೆ ತನ್ನಿ, ಆ ದಿನ ಆರೋಗ್ಯ ಕಾರ್ಯಕರ್ತೆಯನ್ನೂ ಕರೆಸೋಣ.